ಲಿನಕ್ಸ್ ಕಲಿಸುವುದಾದರೆ ಕೆಟ್ಟು ನಿಂತ ಮಷಿನ್‌ನಿಂದ ಶುರು ಮಾಡಿ

ಪ್ರಶ್ನೆ: ಹನ್ನೆರಡು ವರ್ಷಗಳಿಂದ ಐಟಿಯಲ್ಲಿದ್ದೇನೆ. ಡೆಸ್ಕ್‌ಟಾಪ್ ಸಪೋರ್ಟ್‌ನಲ್ಲಿ ಶುರು ಮಾಡಿ, ಲಿನಕ್ಸ್ ಅಡ್ಮಿನ್ ಆಗಿ, ಈಗ ಸಾಫ್ಟ್‌ವೇರ್ ಬಿಡುಗಡೆ, ಸರ್ವರ್ ಎರಡನ್ನೂ ನೋಡಿಕೊಳ್ಳುವ ಡೆವಾಪ್ಸ್ ತಂಡದಲ್ಲಿದ್ದೇನೆ. ವಾರಾಂತ್ಯದಲ್ಲಿ ಹೊಸಬರಿಗೆ ಲಿನಕ್ಸ್ ಮತ್ತು ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕಲಿಸಬೇಕೆಂಬ ಆಸೆಯಿಂದ ಎರಡು ಬ್ಯಾಚ್ ನಡೆಸಿದೆ. ಎರಡರಲ್ಲೂ ಮೊದಲ ದಿನ ಇನ್‌ಸ್ಟಾಲೇಶನ್‌ಗೇ ಹೋಯಿತು, ಮೂರನೇ ವಾರಕ್ಕೆ ಅರ್ಧ ಜನ ಬರಲಿಲ್ಲ. ಉಳಿದವರಿಗೆ ಕಮಾಂಡ್‌ಗಳು ಬಾಯಿಪಾಠ, ಆದರೆ ಸರ್ವರ್ ಕೈಕೊಟ್ಟರೆ ಏನು ಮಾಡಬೇಕೆಂದು ತೋಚುವುದಿಲ್ಲ. ಪಾಠವನ್ನು ಹೇಗೆ ಕಟ್ಟಲಿ? ನಿಜವಾದ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ಅವರನ್ನು ಯಾವಾಗ ಕಳಿಸಲಿ? ಕೆಲಸ ಬಿಟ್ಟು ಇದನ್ನೇ ಮಾಡಬಹುದೇ?

ಉತ್ತರ: ಕಮಾಂಡ್ ಗೊತ್ತಿದ್ದೂ ಕೈ ಓಡದಿರುವುದಕ್ಕೆ ಕಾರಣ ವಿದ್ಯಾರ್ಥಿಗಳಲ್ಲಿಲ್ಲ, ಪಾಠದ ಕ್ರಮದಲ್ಲಿದೆ. ಮೊದಲು ಫೈಲ್ ಕಮಾಂಡ್‌ಗಳು, ಆಮೇಲೆ ಪರ್ಮಿಶನ್, ಆಮೇಲೆ ಪ್ರೋಸೆಸ್, ಆಮೇಲೆ ನೆಟ್‌ವರ್ಕ್ ಎಂದು ಕೈಪಿಡಿಯ ಪರಿವಿಡಿಯಂತೆ ಹೋದರೆ ಪ್ರತಿ ಕಮಾಂಡೂ ಯಾವ ಪ್ರಶ್ನೆಗೆ ಉತ್ತರ ಎಂಬುದು ತಿಳಿಯದೆಯೇ ಕಲಿತಂತಾಗುತ್ತದೆ. ಹನ್ನೆರಡು ವರ್ಷದಲ್ಲಿ ನೀವು ಸಂಪಾದಿಸಿದ್ದು ಕಮಾಂಡ್‌ಗಳ ಪಟ್ಟಿಯಲ್ಲ. ಮಷಿನ್ ಕೆಟ್ಟಾಗ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಮುಟ್ಟಬಾರದು ಎಂಬ ಅಂದಾಜು ನಿಮ್ಮ ಗಳಿಕೆ. ಅದು ನಿಮ್ಮ ಹಳೆಯ ಟಿಕೆಟ್‌ಗಳಲ್ಲಿದೆ, ಎಂದರೆ ಬಳಕೆದಾರರ ದೂರುಗಳ ದಾಖಲೆಯಲ್ಲಿ. ಸಿಲಬಸ್ಸನ್ನು ಅಲ್ಲಿಂದ ತೆಗೆಯಿರಿ.

ಒಂದು ಹಾಳೆಯಲ್ಲಿ ನೆನಪಿರುವ ಇಪ್ಪತ್ತು ಸಮಸ್ಯೆಗಳನ್ನು ಬರೆಯಿರಿ. ಪ್ರತಿಯೊಂದಕ್ಕೂ ನಾಲ್ಕೇ ಸಾಲು: ಬಳಕೆದಾರರಿಗೆ ಕಂಡದ್ದೇನು, ನಿಜವಾದ ಕಾರಣವೇನು, ಕಾರಣವನ್ನು ಬಯಲು ಮಾಡಿದ ಕಮಾಂಡ್ ಅಥವಾ ಲಾಗ್ ಯಾವುದು, ಅದನ್ನು ಬೇಕೆಂದೇ ಮತ್ತೆ ಉಂಟುಮಾಡುವುದು ಹೇಗೆ. ನಾಲ್ಕನೇ ಸಾಲನ್ನು ಒಂದೆರಡು ಕಮಾಂಡ್‌ಗಳಲ್ಲಿ ಮುಗಿಸಲು ಆಗದಿದ್ದರೆ ಆ ಸಮಸ್ಯೆಯನ್ನು ಬಿಡಿ. ತರಗತಿಗೆ ಅದು ಭಾರವಾಗುತ್ತದೆ. ಕಂಪನಿಯ ಹೆಸರು, ಹೋಸ್ಟ್‌ನೇಮ್, ಐಪಿ, ಗ್ರಾಹಕರ ಸುಳಿವು, ಸ್ಕ್ರೀನ್‌ಶಾಟ್ ಯಾವುದೂ ಹಾಳೆಗೆ ಬರಬಾರದು. ಕಾನ್ಫಿಗ್ ಫೈಲ್ ಬೇಕಿದ್ದರೆ ಆಫೀಸಿನದನ್ನು ತಿದ್ದಿ ತರುವ ಬದಲು ಮನೆಯಲ್ಲಿ ಹೊಸದಾಗಿ ಬರೆಯಿರಿ.

ಮೊದಲ ದಿನ ಇನ್‌ಸ್ಟಾಲೇಶನ್‌ಗೆ ಹೋಗದಂತೆ ಮಾಡಲು

ಇನ್‌ಸ್ಟಾಲೇಶನ್ ಮೊದಲ ಪಾಠವಾಗಬೇಕಿಲ್ಲ. ಐದನೇ ವಾರ, ಪಾರ್ಟಿಶನ್ ಎಂದರೇನು ಎಂದು ತಿಳಿದ ಮೇಲೆ ಮಾಡಿಸಿದರೆ ಅರ್ಧ ಗಂಟೆಯ ಕೆಲಸ. ಅಲ್ಲಿಯವರೆಗೆ ನೀವೇ ಸಿದ್ಧಪಡಿಸಿದ ವರ್ಚುವಲ್ ಮಷಿನ್ (ಲ್ಯಾಪ್‌ಟಾಪ್‌ನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಕೊಡಿ. ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ ಅಥವಾ ಉಬುಂಟು ಸರ್ವರ್ ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ ಆವೃತ್ತಿ), 2 ಜಿಬಿ ರ‍್ಯಾಮ್, ಬೇಕಾದಷ್ಟೇ ಬೆಳೆಯುವ 20 ಜಿಬಿ ಡಿಸ್ಕ್. ಲ್ಯಾಪ್‌ಟಾಪ್‌ನಲ್ಲಿ ಇರುವುದೇ 4 ಜಿಬಿ ಆದರೆ ಡೆಬಿಯನ್‌ಗೆ 1 ಜಿಬಿ ಕೊಟ್ಟರೂ ಪಾಠಕ್ಕೆ ಸಾಕು. ಅದನ್ನು ಓಡಿಸುವ ವರ್ಚುವಲ್‌ಬಾಕ್ಸ್‌ನ ಮೂಲ ಪ್ಯಾಕೇಜ್ ಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್ ಅಡಿ ಬರುತ್ತದೆ, ಎಕ್ಸ್‌ಟೆನ್ಶನ್ ಪ್ಯಾಕ್‌ನ ಲೈಸೆನ್ಸ್ ಬೇರೆ. ಈ ಪಾಠಗಳಿಗೆ ಎರಡನೆಯದರ ಅಗತ್ಯವಿಲ್ಲ, ಹಾಕಿಸಬೇಡಿ.

ತರಗತಿಗೆ ನಾಲ್ಕು ದಿನ ಮುಂಚೆ ಪರಿಶೀಲನಾ ಪಟ್ಟಿ ಕಳಿಸಿ: ರ‍್ಯಾಮ್ ಎಷ್ಟು, ಡಿಸ್ಕ್‌ನಲ್ಲಿ 30 ಜಿಬಿ ಖಾಲಿ ಇದೆಯೇ, ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಒತ್ತಿದಾಗ ವರ್ಚುವಲೈಸೇಶನ್ 'ಎನೇಬಲ್ಡ್' ಎಂದಿದೆಯೇ. ಡಿಸೇಬಲ್ ಆಗಿದ್ದರೆ ಬಯಾಸ್‌ನಲ್ಲಿ ಆನ್ ಮಾಡಬೇಕು. ಆಫೀಸ್ ಲ್ಯಾಪ್‌ಟಾಪ್ ತರುವವರಿಗೆ ಬಯಾಸೂ ಲಾಕ್, ಅಡ್ಮಿನ್ ಹಕ್ಕೂ ಇಲ್ಲ. ಅದು ತರಗತಿಯಲ್ಲಿ ಗೊತ್ತಾದರೆ ಒಂದು ಗಂಟೆ ಹೋಯಿತು ಎಂದೇ ಲೆಕ್ಕ. ವಿಂಡೋಸ್‌ನದೇ ವರ್ಚುವಲ್ ಮಷಿನ್ ವ್ಯವಸ್ಥೆಯಾದ ಹೈಪರ್-ವಿ ಚಾಲೂ ಇದ್ದರೆ ವರ್ಚುವಲ್‌ಬಾಕ್ಸ್ ಅದರ ಮೇಲೇ ಕುಳಿತು ನಿಧಾನವಾಗುತ್ತದೆ. ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಆಮೆಯ ಚಿತ್ರ ಕಂಡರೆ ಕಾರಣ ಇದೇ. ಆಪಲ್‌ನ ಎಂ ಸರಣಿಯ ಚಿಪ್ ಇರುವವರಿಗೆ ಆ ಚಿಪ್‌ಗೆ ಹೊಂದುವ ಎಆರ್‌ಎಂ64 ಇಮೇಜ್ (ಸಿದ್ಧ ಮಷಿನ್‌ನ ಫೈಲ್) ಬೇರೆಯೇ ಬೇಕು, ಯುಟಿಎಂ ಎಂಬ ಆ್ಯಪ್‌ನಲ್ಲಿ ಅದು ಚೆನ್ನಾಗಿ ಓಡುತ್ತದೆ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಸಾಲದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಶೆಲ್ (ಕಮಾಂಡ್ ಟೈಪ್ ಮಾಡುವ ಜಾಗ), ಗಿಟ್ ಕಲಿಯಲು ಧಾರಾಳ ಸಾಕು. ಆದರೆ ಬೂಟ್ ಆಗದ ಮಷಿನ್, ಬೂಟ್ ಶುರುಮಾಡುವ ಗ್ರಬ್, ಡಿಸ್ಕ್ ಪಾರ್ಟಿಶನ್ ತೋರಿಸಲು ಅಲ್ಲಿ ಜಾಗವಿಲ್ಲ, ಈ ಪಾಠದ ಜೀವಾಳವೇ ಅದು.

ಇಮೇಜನ್ನು ಒವಿಎ ಎಂಬ ಒಂದೇ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗಳಲ್ಲಿ ಹಂಚಿ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಆಗಿರಲಿ. ಫ್ಯಾಟ್32ನಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ, ವಿಂಡೋಸ್ ಕೊಡುವ ಸಂದೇಶ ಓದಿದರೆ ಜಾಗ ಸಾಲದೇನೋ ಎಂದು ಜನ ಹಳೆಯ ಫೋಟೋ ಅಳಿಸಲು ಕೂರುತ್ತಾರೆ. ಜೊತೆಗೆ ಎಸ್‌ಎಚ್‌ಎ256 ಮೊತ್ತವನ್ನೂ (ಫೈಲಿನ ಬೆರಳಚ್ಚಿನಂಥ ಚೆಕ್‌ಸಮ್) ಕೊಡಿ. ಅರ್ಧ ಕಾಪಿಯಾದ ಫೈಲನ್ನು ಅದು ಹಿಡಿದುಕೊಡುತ್ತದೆ, ಚೆಕ್‌ಸಮ್ ಯಾಕೆ ಬೇಕೆಂಬ ಪಾಠವೂ ಅಲ್ಲೇ ಆಗುತ್ತದೆ.

ಎಕ್ಸ್‌ಪೋರ್ಟ್ ಮಾಡುವ ಮುನ್ನ ಬಹಳ ಜನ ಮರೆಯುವ ಎರಡು ಕೆಲಸಗಳಿವೆ. ಇಟಿಸಿ ಡೈರೆಕ್ಟರಿಯ ಕೆಳಗಿನ, ಮಷಿನ್‌ನ ಗುರುತು ಇರುವ ಮಷಿನ್-ಐಡಿ ಫೈಲನ್ನು ಖಾಲಿ ಮಾಡಿ. ಖಾಲಿ ಮಾಡಬೇಕೇ ಹೊರತು ಫೈಲನ್ನೇ ಅಳಿಸಬೇಡಿ. ಇದನ್ನು ಬಿಟ್ಟರೆ ಉಬುಂಟು ಸರ್ವರ್‌ನ ಎರಡು ಪ್ರತಿಗಳು ಒಂದೇ ನೆಟ್‌ವರ್ಕ್‌ಗೆ ಬಂದಾಗ, ನೆಟ್‌ವರ್ಕ್ ಅಡಾಪ್ಟರ್‌ನ ಮ್ಯಾಕ್ ವಿಳಾಸ ಬೇರೆ ಇದ್ದರೂ, ಐಪಿ ಹಂಚುವ ಡಿಎಚ್‌ಸಿಪಿ ಸರ್ವರ್ ಎರಡಕ್ಕೂ ಒಂದೇ ಐಪಿ ಕೊಡಬಹುದು. ಯಾಕೆಂದರೆ ಡಿಎಚ್‌ಸಿಪಿಗೆ ಹೇಳುವ ಗುರುತಿನ ಸಂಖ್ಯೆ ಮಷಿನ್-ಐಡಿಯಿಂದ ಹುಟ್ಟುತ್ತದೆ. ಎರಡನೆಯದು, ದೂರದ ಮಷಿನ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಹೋಸ್ಟ್ ಕೀಗಳನ್ನು (ಮಷಿನ್‌ನ ಗುರುತು) ಅಳಿಸಿ, ಮೊದಲ ಬೂಟ್‌ನಲ್ಲಿ ಹೊಸದಾಗಿ ಹುಟ್ಟುವಂತೆ ಸಣ್ಣ ಸರ್ವಿಸ್ ಇಡಿ. ಇಲ್ಲದಿದ್ದರೆ ಇಡೀ ತರಗತಿಯ ಮಷಿನ್‌ಗಳಿಗೆಲ್ಲ ಒಂದೇ ಹೋಸ್ಟ್ ಕೀ. ಇಂಪೋರ್ಟ್ ಮಾಡುವವರು ಮ್ಯಾಕ್ ವಿಳಾಸವನ್ನು ಎಲ್ಲ ಅಡಾಪ್ಟರ್‌ಗಳಿಗೂ ಹೊಸದಾಗಿ ಕೊಡುವ ಆಯ್ಕೆಯನ್ನು ಆರಿಸಬೇಕು.

ನೆಟ್‌ವರ್ಕ್‌ಗೆ ಎರಡು ಅಡಾಪ್ಟರ್ ಇಡಿ: ಇಂಟರ್ನೆಟ್‌ಗೆ ನ್ಯಾಟ್, ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮಾಡಲು ಹೋಸ್ಟ್-ಓನ್ಲಿ. ಬರೀ ನ್ಯಾಟ್ ಇದ್ದರೆ ಎಲ್ಲರ ಮಷಿನ್‌ನಲ್ಲೂ 10.0.2.15 ಎಂದೇ ತೋರಿಸುತ್ತದೆ. ಪಕ್ಕದವರ ಐಪಿಯೂ ಅದೇ ಎಂದು ಗಲಿಬಿಲಿ ಶುರುವಾಗುತ್ತದೆ. ವರ್ಚುವಲ್ ಮಷಿನ್ನನ್ನು ನೇರ ನೆಟ್‌ವರ್ಕ್‌ಗೆ ಸೇರಿಸುವ ಬ್ರಿಡ್ಜ್ ಮೋಡ್ ವೈಫೈಯಲ್ಲಿ ಎಲ್ಲ ಕಡೆ ನಡೆಯುವುದಿಲ್ಲ, ಅದನ್ನು ನಂಬಿ ಪಾಠ ಹಾಕಿಕೊಳ್ಳಬೇಡಿ. ಇನ್ನು ಹದಿನೈದು ಜನ ಒಟ್ಟಿಗೆ ತಲಾ 200 ಎಂಬಿ ಅಪ್‌ಡೇಟ್ ಎಳೆದರೆ 3 ಜಿಬಿ, ಯಾವ ವೈಫೈಯೂ ಕುಂಟುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಇಳಿಸಿದ ಪ್ಯಾಕೇಜ್‌ಗಳನ್ನು ಕೂಡಿಡುವ ಆಪ್ಟ್-ಕ್ಯಾಚರ್-ಎನ್‌ಜಿ ಓಡಿಸಿ, ಅದರ 3142ನೇ ಪೋರ್ಟ್ ಅನ್ನು ವಿದ್ಯಾರ್ಥಿಗಳ ಮಷಿನ್‌ನ ಆಪ್ಟ್ ಪ್ರಾಕ್ಸಿಯಾಗಿ ಇಮೇಜ್‌ನಲ್ಲೇ ಹಾಕಿಡಿ. ಒಬ್ಬರು ಇಳಿಸಿದ್ದು ಉಳಿದವರಿಗೆ ಲೋಕಲ್‌ನಿಂದ ಸಿಗುತ್ತದೆ. ಮನೆಗೆ ಹೋದ ಮೇಲೆ ಆ ಪ್ರಾಕ್ಸಿ ಸಾಲನ್ನು ತೆಗೆಯಲು ಹೇಳುವುದು ಮಾತ್ರ ಮರೆಯಬೇಡಿ. ಮರೆತರೆ ಭಾನುವಾರ ರಾತ್ರಿಯೆಲ್ಲ ನಿಮ್ಮ ಫೋನಿಗೆ ಬಿಡುವಿರುವುದಿಲ್ಲ.

ಕೆಡಿಸುವ ಅಭ್ಯಾಸಗಳು

ಪ್ರತಿ ತರಗತಿಯ ಮೊದಲ ಕೆಲಸ ಸ್ನ್ಯಾಪ್‌ಶಾಟ್, ಎಂದರೆ ಮಷಿನ್‌ನ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವುದು. ಏನು ಹಾಳಾದರೂ ಅರ್ಧ ನಿಮಿಷದಲ್ಲಿ ವಾಪಸ್ ಬರಬಹುದು ಎಂದು ಗೊತ್ತಾದ ಮೇಲೆಯೇ ಹೊಸಬರ ಬೆರಳು ಕೀಬೋರ್ಡ್ ಮೇಲೆ ಧೈರ್ಯವಾಗಿ ಓಡುವುದು. ಅದಾದ ಮೇಲೆ ಮೊದಲ ಅರ್ಧ ಗಂಟೆ ಪಾಠ, ಉಳಿದ ಒಂದೂವರೆ ಗಂಟೆ ರಿಪೇರಿ.

ಡಿಸ್ಕ್ ತುಂಬಿದ ಸಮಸ್ಯೆಯಿಂದ ಶುರು ಮಾಡಿ, ಎಲ್ಲರಿಗೂ ಅರ್ಥವಾಗುತ್ತದೆ. ಫಾಲೊಕೇಟ್‌ನಿಂದ 5 ಜಿಬಿ ಫೈಲ್ ಮಾಡಿ, ಟೇಲ್ ಕಮಾಂಡ್‌ನಿಂದ ಅದನ್ನು ಹಿನ್ನೆಲೆಯಲ್ಲಿ ತೆರೆದಿಟ್ಟು, ಫೈಲನ್ನು ಅಳಿಸಿಬಿಡಿ. ಈಗ ಇಡೀ ಡಿಸ್ಕ್‌ನ ಲೆಕ್ಕ ಹೇಳುವ ಡಿಎಫ್ ಜಾಗ ಹೋಗಿದೆ ಎನ್ನುತ್ತದೆ, ಫೈಲ್‌ಗಳ ಗಾತ್ರ ಕೂಡುವ ಡಿಯು ಲೆಕ್ಕದಲ್ಲಿ ಆ 5 ಜಿಬಿ ಎಲ್ಲೂ ಇಲ್ಲ. ಹೆಸರು ಹೋದರೂ, ಪ್ರೋಸೆಸ್ ಹಿಡಿದುಕೊಂಡಿರುವವರೆಗೆ ಫೈಲ್ ಇರುತ್ತದೆ ಎಂಬ ವಿಷಯವನ್ನು ಇಷ್ಟು ಗಟ್ಟಿಯಾಗಿ ಯಾವ ಸ್ಲೈಡೂ ಹೇಳಲಾರದು. ತೆರೆದಿರುವ ಫೈಲ್‌ಗಳನ್ನು ತೋರಿಸುವ ಎಲ್‌ಎಸ್‌ಒಎಫ್‌ಗೆ ಪ್ಲಸ್ ಎಲ್1 ಆಯ್ಕೆ ಕೊಟ್ಟರೆ ಅಂಥ ಫೈಲ್‌ಗಳು ಸಿಗುತ್ತವೆ. ಇದರ ಬೆನ್ನಿಗೇ ಇನ್ನೊಂದು: 100 ಎಂಬಿ ಲೂಪ್ ಫೈಲ್ (ಡಿಸ್ಕ್‌ನಂತೆ ಬಳಸುವ ಫೈಲ್) ಮೇಲೆ ಕೇವಲ 1000 ಇನೋಡ್ (ಫೈಲಿಗೆ ಒಂದರಂತೆ ಬೇಕಾದ ದಾಖಲೆ) ಇರುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಮಾಡಿಸಿ, ಖಾಲಿ ಫೈಲ್‌ಗಳನ್ನು ಸೃಷ್ಟಿಸುತ್ತ ಹೋಗಲಿ. ಡಿಎಫ್ ಪ್ರಕಾರ ಜಾಗ ಬೇಕಾದಷ್ಟಿದೆ, ಆದರೂ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಡಿಎಫ್‌ಗೆ ಐ ಆಯ್ಕೆ ಕೊಡುವುದನ್ನು ಅವರು ಇನ್ನು ಮರೆಯುವುದಿಲ್ಲ.

ಪರ್ಮಿಶನ್ ಪಾಠವನ್ನು 4, 2, 1ರ ಕೂಡುವಿಕೆಯಿಂದ ಶುರು ಮಾಡಬೇಡಿ. ಒಂದು ಡೈರೆಕ್ಟರಿಗೆ 644 (ಓದಬಹುದು, ಎಕ್ಸ್ ಇಲ್ಲ) ಕೊಟ್ಟು ಒಳಗೆ ಹೋಗಲು ಹೇಳಿ. ಹೆಸರುಗಳ ಪಟ್ಟಿ ಕಾಣುತ್ತದೆ, ಒಳಗೆ ಕಾಲಿಡಲು ಆಗುವುದಿಲ್ಲ. ಡೈರೆಕ್ಟರಿಯಲ್ಲಿ ಎಕ್ಸ್ ಎಂದರೆ ಪ್ರವೇಶ ಎಂಬುದು ಅಲ್ಲಿ ಹೊಳೆಯುತ್ತದೆ. ಆಮೇಲೆ ಎಲ್ಲರೂ ಇಂಟರ್ನೆಟ್‌ನಲ್ಲಿ ನೋಡಿ ಮಾಡುವ ಆ ಕೆಲಸವನ್ನು ನೀವೇ ಮಾಡಿಸಿ: ಹೋಮ್ ಡೈರೆಕ್ಟರಿಗೆ 777 (ಯಾರು ಬೇಕಾದರೂ ಬರೆಯಬಹುದು). ಮರುಕ್ಷಣ ಎಸ್‌ಎಸ್‌ಎಚ್ ಕೀ ಲಾಗಿನ್ ನಿಲ್ಲುತ್ತದೆ. ಕೀಯ ಮೇಲೆ ಅನುಮಾನ ಪಟ್ಟು ಹೊಸ ಕೀ ಮಾಡುತ್ತಾರೆ, ಅದೂ ನಡೆಯುವುದಿಲ್ಲ. ಕ್ಲೈಂಟ್ ಬರೀ 'ಪರ್ಮಿಶನ್ ಡಿನೈಡ್' ಎನ್ನುತ್ತದೆ. ಹೋಮ್ ಡೈರೆಕ್ಟರಿಯನ್ನು ಬೇರೆಯವರು ಬರೆಯಬಹುದಾದ್ದರಿಂದ ಕೀಯನ್ನು ನಂಬಲಿಲ್ಲ ಎಂಬ ಕಾರಣ ಸರ್ವರ್‌ನ ಲಾಗ್‌ನಲ್ಲಿದೆ. ಭದ್ರತೆಗೆ ಸಂಬಂಧಿಸಿದ ಪ್ರೋಗ್ರಾಂಗಳು ಹೊರಗಿನವರಿಗೆ ಕಾರಣ ಹೇಳುವುದಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ವಿವರಿಸಿ. ಡಾಟ್-ಎಸ್‌ಎಸ್‌ಎಚ್ ಡೈರೆಕ್ಟರಿಗೆ 700, ಅದರೊಳಗಿನ ಆಥರೈಸ್ಡ್ ಕೀಸ್ ಫೈಲಿಗೆ 600, ಹೋಮ್‌ಗೆ 755 ಅಥವಾ ಇನ್ನೂ ಬಿಗಿ.

ಬೂಟ್ ಆಗದ ಮಷಿನ್‌ಗೆ ಬೂಟ್‌ನಲ್ಲಿ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ, ಮಷಿನ್‌ನಲ್ಲೇ ಇಲ್ಲದ ಡಿಸ್ಕ್‌ನ ಒಂದು ಸಾಲು ಸಾಕು. ರೀಬೂಟ್ ಮಾಡಿದರೆ ಸುಮಾರು ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಒಂದು ಎಚ್ಚರಿಕೆ: ಎಲ್ಲ ಹಕ್ಕೂ ಇರುವ ರೂಟ್ ಖಾತೆ ಲಾಕ್ ಆಗಿರುವ ಮಷಿನ್‌ನಲ್ಲಿ ಆ ಶೆಲ್ ತೆರೆಯದೇ ಇರಬಹುದು. ಈ ಅಭ್ಯಾಸದ ಮುಂಚೆ ರೂಟ್‌ಗೆ ಪಾಸ್‌ವರ್ಡ್ ಹಾಕಿಸಿ. ದುರಸ್ತಿಯಾದ ಮೇಲೆ, ರೀಬೂಟ್‌ಗೆ ಮುಂಚೆ ಫೈಂಡ್‌ಎಂಎನ್‌ಟಿಯ ವೆರಿಫೈ ಆಯ್ಕೆಯಿಂದ ಪರೀಕ್ಷಿಸುವುದನ್ನೂ, ಬೂಟ್‌ಗೆ ಅನಿವಾರ್ಯವಲ್ಲದ ಡಿಸ್ಕ್‌ಗೆ 'ನೋಫೇಲ್' (ಸಿಗದಿದ್ದರೂ ಬೂಟ್ ಮುಂದುವರಿಯಲಿ ಎಂಬ ಸೂಚನೆ) ಸೇರಿಸುವುದನ್ನೂ ತೋರಿಸಿ.

ಇನ್ನುಳಿದವು ಚಿಕ್ಕವು. 80ನೇ ಪೋರ್ಟ್‌ನಲ್ಲಿ ಅಪಾಚೆ ಎಂಬ ವೆಬ್ ಸರ್ವರ್ ಕುಳಿತಿರುವಾಗ ಎನ್‌ಜಿನ್ಎಕ್ಸ್ ಎಂಬ ಇನ್ನೊಂದನ್ನು ಎಬ್ಬಿಸುವುದು, ಹೆಸರಿನಿಂದ ಐಪಿ ಹುಡುಕುವ ಡಿಎನ್‌ಎಸ್ ಅನ್ನು ತಪ್ಪಾಗಿ ಕೊಟ್ಟು ಐಪಿಗೆ ಪಿಂಗ್ ಹೋಗಿ ಹೆಸರಿಗೆ ಹೋಗದಂತೆ ಮಾಡುವುದು, ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟ್‌ಗೆ ಅನುಮತಿ ಕೊಡದೆ ಯುಎಫ್‌ಡಬ್ಲ್ಯು ಫೈರ್‌ವಾಲ್ ಆನ್ ಮಾಡಿ ತಮ್ಮನ್ನು ತಾವೇ ಹೊರಹಾಕಿಕೊಳ್ಳುವುದು. ವಾರಕ್ಕೆ ಎರಡರಂತೆ ಎರಡು ಗಂಟೆಯ ತರಗತಿ, ಎಂಟು ವಾರ ಎಂದುಕೊಂಡರೆ ಹತ್ತು ಹನ್ನೆರಡು ಸಮಸ್ಯೆಗಳಿಗಿಂತ ಹೆಚ್ಚು ತುರುಕಬೇಡಿ.

ಎಲ್ಲಕ್ಕೂ ಒಂದೇ ನಿಯಮ ಇಡಿ: ರಿಪೇರಿ ಆಯಿತು ಎನ್ನುವ ಮುನ್ನ ರೀಬೂಟ್ ಮಾಡಿ ತೋರಿಸಬೇಕು. ರೆಡ್ ಹ್ಯಾಟ್ ಕಂಪನಿ ಲಿನಕ್ಸ್ ಅಡ್ಮಿನ್‌ಗಳಿಗೆ ನಡೆಸುವ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲೂ ರೀಬೂಟ್ ಆದ ಮೇಲೆ ಉಳಿಯದ ಕೆಲಸಕ್ಕೆ ಅಂಕವಿಲ್ಲ. ಸರ್ವಿಸ್ ಸ್ಟಾರ್ಟ್ ಮಾಡಿ, ಬೂಟ್‌ನಲ್ಲಿ ತಾನೇ ಶುರುವಾಗುವಂತೆ ಎನೇಬಲ್ ಮಾಡದವರು, ಸಿಸ್ಟಮ್‌ಡಿ-ರಿಸಾಲ್ವ್‌ಡಿ ನೋಡಿಕೊಳ್ಳುವ, ಡಿಎನ್‌ಎಸ್ ವಿವರದ ರಿಸಾಲ್ವ್ ಫೈಲನ್ನು ಕೈಯಿಂದ ತಿದ್ದಿದವರು, ಐಪಿಯನ್ನು ತಾತ್ಕಾಲಿಕವಾಗಿ ಕೊಟ್ಟವರು ಎಲ್ಲರೂ ಅಲ್ಲಿ ಸಿಕ್ಕಿಬೀಳುತ್ತಾರೆ.

ಉತ್ತರ ಹೇಳಿಕೊಡುವ ಆಸೆ ತಡೆದುಕೊಳ್ಳುವುದು ನಿಮಗೆ ಕಷ್ಟವಾದೀತು. ಸಿಕ್ಕಿಹಾಕಿಕೊಂಡವರಿಗೆ ನಾಲ್ಕೇ ಪ್ರಶ್ನೆ ಕೇಳಿ: ಏನಾಗಬೇಕಿತ್ತು, ಏನಾಯಿತು, ಲಾಗ್ ಏನು ಹೇಳುತ್ತಿದೆ, ಕೊನೆಯ ಸಲ ಸರಿಯಿದ್ದಾಗಿನಿಂದ ಬದಲಾದದ್ದೇನು. ಇಂಥ ಪ್ರಶ್ನೆಯ ಬೆಲೆಗೆ ಒಂದು ಉದಾಹರಣೆ: 2024ರ ಮಾರ್ಚ್‌ನಲ್ಲಿ, ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹುದುಗಿಸಿದ್ದ ಹಿಂಬಾಗಿಲನ್ನು ಇಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಪತ್ತೆಹಚ್ಚಿದ್ದು, ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆ ಎಂಬ ಅನುಮಾನದ ಬೆನ್ನು ಹತ್ತಿ. ಓಪನ್ ಸೋರ್ಸ್ ಸುರಕ್ಷಿತವೇ ಎಂಬ ಪ್ರಶ್ನೆ ಪ್ರತಿ ಬ್ಯಾಚ್‌ನಲ್ಲೂ ಬರುತ್ತದೆ, ಈ ಪ್ರಕರಣವನ್ನು ಎರಡೂ ಮಗ್ಗುಲಿನಿಂದ ಹೇಳಿ: ಒಬ್ಬರ ಮೇಲೆ ಹೊರೆಬಿದ್ದ ಪ್ರಾಜೆಕ್ಟ್‌ನಲ್ಲಿ ನಂಬಿಕೆ ಗಳಿಸಿ ಒಳನುಗ್ಗಿದ್ದೂ ನಿಜ, ಸೋರ್ಸ್ ತೆರೆದಿದ್ದರಿಂದ ಹೊರಗಿನ ಇಂಜಿನಿಯರ್ ಒಬ್ಬರು ಅದನ್ನು ಬಿಡಿಸಿ ನೋಡಲಾದದ್ದೂ ನಿಜ.

ಮುಂದೆ ನಿಂತು ಟೈಪ್ ಮಾಡುವಾಗ

ಸ್ಲೈಡ್ ಕಡಿಮೆ ಮಾಡಿ, ಎಲ್ಲರೆದುರು ಟೈಪ್ ಮಾಡಿ. ವಿಜ್ಞಾನಿಗಳಿಗೆ ಪ್ರೋಗ್ರಾಮಿಂಗ್ ಕಲಿಸಲು 1998ರಲ್ಲಿ ಶುರುವಾದ ಸಾಫ್ಟ್‌ವೇರ್ ಕಾರ್ಪೆಂಟ್ರಿಯವರು ಇದನ್ನೇ ಪದ್ಧತಿಯಾಗಿ ಬೆಳೆಸಿದ್ದಾರೆ. ಅವರ ಎರಡು ಬಣ್ಣದ ಅಂಟುಚೀಟಿಯನ್ನೂ ಎರವಲು ಪಡೆಯಿರಿ. ಕೆಲಸ ಮುಗಿದರೆ ಲ್ಯಾಪ್‌ಟಾಪ್ ಮೇಲೆ ಒಂದು ಬಣ್ಣ, ಸಹಾಯ ಬೇಕಿದ್ದರೆ ಇನ್ನೊಂದು. ಕೈ ಎತ್ತಲು ನಾಚುವವರೂ ಚೀಟಿ ಅಂಟಿಸುತ್ತಾರೆ. ನೀವೊಬ್ಬರೇ ಆದರೆ ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಅಕ್ಷರದ ಗಾತ್ರ ಕೊನೆಯ ಸಾಲಿನಿಂದ ಓದುವಷ್ಟಿರಲಿ, ತಿಳಿ ಹಿನ್ನೆಲೆ ಇರಲಿ. ಶೆಲ್‌ನ ಪ್ರಾಂಪ್ಟ್ ಕಮಾಂಡ್ ಸೆಟ್ಟಿಂಗ್‌ನಲ್ಲಿ, ಟೈಪ್ ಮಾಡಿದ ಕಮಾಂಡ್‌ಗಳ ಹಿಸ್ಟರಿಯನ್ನು ಪ್ರತಿ ಸಲವೂ ಫೈಲಿಗೆ ಬರೆಯುವಂತೆ ಮಾಡಿ, ಆ ಫೈಲನ್ನು ಪಕ್ಕದ ಸಣ್ಣ ಕಿಟಕಿಯಲ್ಲಿ ಟೇಲ್ ಮಾಡಿಟ್ಟರೆ ಹಿಂದುಳಿದವರು ಹಿಂದಿನ ಐದಾರು ಕಮಾಂಡ್‌ಗಳನ್ನು ತಾವೇ ನೋಡಿಕೊಳ್ಳುತ್ತಾರೆ. ನಿಮ್ಮ ಏಲಿಯಾಸ್‌ಗಳು (ಕಮಾಂಡ್‌ಗಳಿಗಿಟ್ಟ ಅಡ್ಡಹೆಸರು), ಬಣ್ಣದ ಪ್ರಾಂಪ್ಟ್, ಝಡ್‌ಎಸ್‌ಎಚ್ ಶೆಲ್‌ನ ಅಲಂಕಾರ ಎಲ್ಲ ಮನೆಯಲ್ಲಿರಲಿ. ಅವರ ಪರದೆಯೂ ನಿಮ್ಮದೂ ಒಂದೇ ಥರ ಕಾಣಬೇಕು.

ಗಿಟ್, ಆಮೇಲೆ ಪ್ರಾಜೆಕ್ಟ್‌ಗಳು

ಗಿಟ್ ಹೇಳಿಕೊಡುವಾಗ ಮೊದಲ ಎರಡು ತರಗತಿ ಗಿಟ್‌ಹಬ್ ಹೆಸರೇ ಎತ್ತಬೇಡಿ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಗಿಟ್ ಬೇರೆ, ಅದನ್ನಿಟ್ಟುಕೊಂಡು ನಡೆಯುವ ವೆಬ್ ಸೇವೆ ಬೇರೆ ಎಂಬುದೇ ಅರ್ಧ ಜನಕ್ಕೆ ತಿಳಿದಿರುವುದಿಲ್ಲ. ಲ್ಯಾಬ್‌ನ ಒಂದು ಸರ್ವರ್‌ನಲ್ಲಿ ಬೇರ್ ರೆಪೊಸಿಟರಿ (ಎಲ್ಲರ ಬದಲಾವಣೆ ಬಂದು ಸೇರುವ ಕಣಜ) ಇಟ್ಟು ಎಸ್‌ಎಸ್‌ಎಚ್ ಮೂಲಕ ಪುಶ್ ಮಾಡಿಸಿ, ಎಂದರೆ ತಮ್ಮ ಕೆಲಸವನ್ನು ಅಲ್ಲಿಗೆ ಕಳಿಸಲಿ. ಈ ಸರ್ವರ್ ಮಾತ್ರ ಎಲ್ಲರಿಗೂ ಎಟುಕುವ ನೆಟ್‌ವರ್ಕ್‌ನಲ್ಲಿರಬೇಕು, ನಿಮ್ಮ ರೌಟರ್‌ಗೆ ತಂತಿಯಿಂದ ಜೋಡಿಸಿದ ಹಳೆಯ ಲ್ಯಾಪ್‌ಟಾಪ್ ಸಾಕು. ಇಬ್ಬಿಬ್ಬರನ್ನು ಜೋಡಿ ಮಾಡಿ ಒಂದೇ ಫೈಲಿನ ಒಂದೇ ಸಾಲನ್ನು ಬದಲಿಸಲು ಹೇಳಿ. ಕಾನ್‌ಫ್ಲಿಕ್ಟ್ ಎಂಬ ಪದಕ್ಕೆ ಹೆದರುವುದು ಅಂದೇ ಹೋಗಬೇಕು. ಮರ್ಜ್ ಅಬಾರ್ಟ್ (ಅರ್ಧಕ್ಕೆ ನಿಂತ ಜೋಡಣೆಯನ್ನು ಕೈಬಿಡುವುದು) ಮತ್ತು ರೆಫ್‌ಲಾಗ್ (ಹಿಂದಿನ ನಡೆಗಳ ದಾಖಲೆ) ತೋರಿಸಿ: ಬ್ರಾಂಚ್ (ಕೆಲಸದ ಕವಲು) ಅಳಿಸಿಹೋದರೂ ಕಮಿಟ್ (ದಾಖಲಿಸಿದ ಬದಲಾವಣೆ) ಡೀಫಾಲ್ಟ್ ಆಗಿ 30 ದಿನ ಸಿಗುತ್ತದೆ. ಪಾಸ್‌ವರ್ಡ್ ಇರುವ ಫೈಲನ್ನು ಕಮಿಟ್ ಮಾಡಿಸಿ, ಮುಂದಿನ ಕಮಿಟ್‌ನಲ್ಲಿ ಅಳಿಸಿಸಿ, ಹಳೆಯ ಕಮಿಟ್‌ನಿಂದ ಅದನ್ನು ಓದಿ ತೋರಿಸಿ. ಹೊರಗೆ ಪುಶ್ ಆದ ಪಾಸ್‌ವರ್ಡ್‌ಗೆ ಮದ್ದು ಒಂದೇ, ಅದನ್ನು ಬದಲಿಸುವುದು.

ಆಮೇಲೆ ಗಿಟ್‌ಹಬ್‌ಗೆ ಹೋದಾಗ ಮೊದಲ ಎಡವು ಪುಶ್‌ನಲ್ಲಿ. 2021ರ ಆಗಸ್ಟ್ 13ರಿಂದ ಅಲ್ಲಿ ಖಾತೆಯ ಪಾಸ್‌ವರ್ಡ್‌ನಿಂದ ಪುಶ್ ಮಾಡಲು ಆಗುವುದಿಲ್ಲ, ಎಸ್‌ಎಸ್‌ಎಚ್ ಕೀ ಅಥವಾ ಟೋಕನ್ ಬೇಕು. ಕಮಿಟ್‌ನಲ್ಲಿ ಹಾಕಿದ ಇಮೇಲ್ ಜಗತ್ತಿಗೆಲ್ಲ ಕಾಣುತ್ತದೆ ಎಂದು ಮೊದಲ ಪುಶ್‌ಗೆ ಮುಂಚೆಯೇ ಹೇಳಿ, ಆಮೇಲೆ ಹೇಳಿ ಪ್ರಯೋಜನವಿಲ್ಲ.

ನಿಜವಾದ ಪ್ರಾಜೆಕ್ಟ್‌ಗೆ ಯಾವಾಗ ಎಂದು ಕೇಳಿದ್ದೀರಿ. ಆರನೇ ವಾರಕ್ಕೆ ಮುಂಚೆ ಬೇಡ, ಅದೂ ಪುಲ್ ರಿಕ್ವೆಸ್ಟ್‌ನಿಂದ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಶುರುವಾಗುವುದು ಬೇಡ. ಪುಲ್ ರಿಕ್ವೆಸ್ಟ್ ಕಲಿಸಲು ನಿಮ್ಮದೇ ಅಭ್ಯಾಸದ ರೆಪೊಸಿಟರಿ ಇರಲಿ, ಬೇರೆಯವರ ಪ್ರಾಜೆಕ್ಟ್‌ನಲ್ಲಿ ಡೆಮೊ ಕೊಡಬೇಡಿ. ಓಪನ್ ಸೋರ್ಸ್‌ಗೆ ಕೊಡುಗೆ ಕೊಟ್ಟವರಿಗೆ ಟೀಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ, 2020ರಲ್ಲಿ ಟೀಶರ್ಟ್‌ಗಾಗಿ ಬಂದ ಅರ್ಥವಿಲ್ಲದ ತಿದ್ದುಪಡಿಗಳ ಹೊಳೆಗೆ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್‌ಗಳು ರೋಸಿಹೋಗಿ, ತಾವಾಗಿ ಒಪ್ಪಿದ ಪ್ರಾಜೆಕ್ಟ್‌ಗಳಿಗಷ್ಟೇ ಆ ಕಾರ್ಯಕ್ರಮ ಎಂದು ನಿಯಮ ಬದಲಿಸಬೇಕಾಯಿತು. ಎಕ್ಸ್‌ಪ್ರೆಸ್ ಜೆಎಸ್ ಎಂಬ ಪ್ರಾಜೆಕ್ಟ್‌ನ ರೀಡ್‌ಮಿ (ಪರಿಚಯದ) ಫೈಲಿಗೆ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟ್‌ಗಳು ಮುಗಿಬಿದ್ದದ್ದಕ್ಕೂ ಮೂಲ ಒಂದು ಪಾಠದ ವಿಡಿಯೋದ ಡೆಮೊ. ತಪ್ಪು ಕಲಿತವರದಲ್ಲ, ಕಲಿಸಿದ ರೀತಿಯದು.

ನಿಮ್ಮ ವಿದ್ಯಾರ್ಥಿಗಳ ಬಳಿ ಹಳೆಯ ಕೈಗಳ ಬಳಿ ಇಲ್ಲದ ಒಂದು ವಸ್ತು ಇದೆ: ಏನೂ ಇನ್‌ಸ್ಟಾಲ್ ಆಗದ ಶುದ್ಧ ಸ್ನ್ಯಾಪ್‌ಶಾಟ್. ಒಂದು ಪ್ರಾಜೆಕ್ಟ್‌ನ ಇನ್‌ಸ್ಟಾಲೇಶನ್ ಪುಟವನ್ನು ಅಕ್ಷರಶಃ ಅನುಸರಿಸಲು ಹೇಳಿ. ಮೇಂಟೇನರ್‌ಗಳ ಮಷಿನ್‌ನಲ್ಲಿ ಮೊದಲೇ ಇರುವ ಯಾವುದೋ ಲೈಬ್ರರಿ ಪುಟದಲ್ಲಿ ಬಿಟ್ಟುಹೋಗಿರುತ್ತದೆ, ಮೂರನೇ ಹಂತದಲ್ಲೋ ಐದನೇ ಹಂತದಲ್ಲೋ ಕೆಲಸ ನಿಲ್ಲುತ್ತದೆ. ಮೊದಲು ಹಳೆಯ ಇಶ್ಯೂಗಳಲ್ಲಿ (ಪ್ರಾಜೆಕ್ಟ್‌ಗೆ ಬಂದ ದೂರುಗಳ ಪಟ್ಟಿ) ಹುಡುಕಿ, ಇಲ್ಲದಿದ್ದರೆ ವರದಿ ಬರೆಯಲಿ: ಡಿಸ್ಟ್ರೋ (ಡೆಬಿಯನ್, ಉಬುಂಟು ಥರದ ಲಿನಕ್ಸ್ ಬಗೆ) ಮತ್ತು ಆವೃತ್ತಿ, ಮಾಡಿದ ಹಂತಗಳು, ನಿರೀಕ್ಷಿಸಿದ್ದು, ಆದದ್ದು, ಲಾಗ್‌ನ ಪಠ್ಯ. ಸ್ಕ್ರೀನ್‌ಶಾಟ್ ಬೇಡ, ಅದರೊಳಗಿನ ಅಕ್ಷರ ಹುಡುಕಲು ಬರುವುದಿಲ್ಲ. ಮೇಂಟೇನರ್ ಒಪ್ಪಿದರೆ ಆ ಪುಟದ ತಿದ್ದುಪಡಿಯೇ ಮೊದಲ ಪುಲ್ ರಿಕ್ವೆಸ್ಟ್. ಕೆಲವು ಪ್ರಾಜೆಕ್ಟ್‌ಗಳು ಲಿನಕ್ಸ್ ಕರ್ನಲ್‌ನಂತೆ ಪ್ರತಿ ಕಮಿಟ್‌ನಲ್ಲೂ 'ಸೈನ್ಡ್-ಆಫ್-ಬೈ' ಸಾಲು ಕೇಳುತ್ತವೆ. ಕಮಿಟ್‌ಗೆ ಎಸ್ ಆಯ್ಕೆ ಕೊಟ್ಟರೆ ಅದು ಬರುತ್ತದೆ, ಆದರೆ ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು ಎಂದು ತಿಳಿದು ಹಾಕಬೇಕು. ಉತ್ತರ ಬರಲು ವಾರಗಳಾಗಬಹುದು. ಆದ್ದರಿಂದ ಮರ್ಜ್ ಆದರಷ್ಟೇ ಸರ್ಟಿಫಿಕೇಟ್ ಎಂಬ ಷರತ್ತು ಹಾಕಬೇಡಿ, ಆ ಒತ್ತಡವೆಲ್ಲ ಮೇಂಟೇನರ್ ತಲೆ ಮೇಲೆ ಬೀಳುತ್ತದೆ.

ಲೈಸೆನ್ಸ್‌ಗೆ ಒಂದು ಗಂಟೆ ಸಾಕು. ಲೈಸೆನ್ಸ್ ಫೈಲೇ ಇಲ್ಲದ ಕೋಡ್ ಎಲ್ಲರಿಗೂ ಕಂಡರೂ ಓಪನ್ ಸೋರ್ಸ್ ಅಲ್ಲ ಎಂಬುದು ಉಳಿದರೆ ಮಿಕ್ಕದ್ದು ಬೇಕಾದಾಗ ಓದಿಕೊಳ್ಳುತ್ತಾರೆ. ನಿಮ್ಮ ಟಿಪ್ಪಣಿಗಳನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 (ಮೂಲ ಲೇಖಕರ ಹೆಸರು ಹೇಳಿ, ಇದೇ ಷರತ್ತಿನಲ್ಲಿ ಹಂಚಬಹುದು) ಅಡಿ ಹಾಕಿ. 'ನಾನ್ ಕಮರ್ಷಿಯಲ್' ಸೇರಿಸಿದರೆ ಶುಲ್ಕ ಪಡೆದು ಕಲಿಸುವ ಇನ್ನೊಬ್ಬರು ಅದನ್ನು ಮುಟ್ಟಲು ಹಿಂಜರಿಯುತ್ತಾರೆ.

ಕೆಲಸ ಬಿಡುವ ಮಾತು

ಈಗ ಬೇಡ. ಮೊದಲು ನಿಮ್ಮ ನೇಮಕಾತಿ ಪತ್ರ ತೆಗೆದು ಎರಡು ಕಲಮುಗಳನ್ನು ಓದಿ: ಹೊರಗಿನ ಕೆಲಸಕ್ಕೆ ಅನುಮತಿ, ಮತ್ತು ನೀವು ಬರೆದದ್ದರ ಹಕ್ಕು ಯಾರದು. ಕೆಲವು ಒಪ್ಪಂದಗಳಲ್ಲಿ ಬಿಡುವಿನ ವೇಳೆಯ ಕೋಡ್ ಮೇಲೂ ಕಂಪನಿ ಹಕ್ಕು ಹೇಳಬಹುದು. ಕಲಿಸುವುದಕ್ಕೂ ಕೊಡುಗೆಗೂ ಲಿಖಿತ ಒಪ್ಪಿಗೆ ಪಡೆಯಿರಿ, ಮ್ಯಾನೇಜರ್ ಬಾಯಿಮಾತಿನಲ್ಲಿ ಸರಿ ಎಂದದ್ದು ಅವರು ಬದಲಾದ ದಿನ ನಿಲ್ಲುವುದಿಲ್ಲ. ಪಾಠಕ್ಕೆ ಸ್ವಂತ ಲ್ಯಾಪ್‌ಟಾಪ್, ಸ್ವಂತ ಖಾತೆ.

ಇನ್ನೊಂದು ಕಾರಣವೂ ಇದೆ. ಪ್ರೊಡಕ್ಷನ್ (ನಿಜವಾದ ಬಳಕೆಯಲ್ಲಿರುವ ಸರ್ವರ್‌ಗಳ ಕೆಲಸ) ಬಿಟ್ಟ ತರಬೇತುದಾರರ ಲ್ಯಾಬ್ ಬೇಗ ಹಳಸುತ್ತದೆ. ಸೆಂಟ್‌ಓಎಸ್ ಲಿನಕ್ಸ್‌ನ 8ನೇ ಆವೃತ್ತಿಗೆ ಬೆಂಬಲ 2021ರ ಕೊನೆಗೆ ನಿಂತಿತು, 7ನೆಯದಕ್ಕೆ 2024ರ ಜೂನ್ 30ಕ್ಕೆ. ಆ ಟಿಪ್ಪಣಿಗಳನ್ನೇ ಇಟ್ಟುಕೊಂಡವರ ತರಗತಿಯಲ್ಲಿ ಪ್ಯಾಕೇಜ್ ಇಳಿಸುವ ಯಮ್ ಕಮಾಂಡ್ ಮಿರರ್ (ಡೌನ್‌ಲೋಡ್ ಸರ್ವರ್) ಸಿಗದೆ ಮೊದಲ ಹತ್ತು ನಿಮಿಷದಲ್ಲೇ ನಿಲ್ಲುತ್ತದೆ. ಹೊಸ ಸಮಸ್ಯೆಗಳು ನಿಮಗೆ ಸಿಗುತ್ತಿರುವುದು ಈ ಕೆಲಸದಿಂದಲೇ.

ಇದೇ ಸಾಮಗ್ರಿಯಿಂದ ಮೂರು ಬ್ಯಾಚ್ ಮಾಡಿ. ಪ್ರತಿ ಬ್ಯಾಚ್‌ನ ಕೊನೆಯ ದಿನ, ತರಗತಿಯಲ್ಲಿ ಯಾರೂ ನೋಡಿರದ ಒಂದು ಕೆಟ್ಟ ಇಮೇಜ್ ಕೊಟ್ಟು 30 ನಿಮಿಷ ಬಿಡಿ. ಎಷ್ಟು ಜನ ಕಾರಣ ಹಿಡಿದರು, ಎಷ್ಟು ಜನರ ದುರಸ್ತಿ ರೀಬೂಟ್ ಆದ ಮೇಲೂ ಉಳಿಯಿತು, ಕಾರಣ ಹಿಡಿಯದವರು ಯಾವ ಹಂತದಲ್ಲಿ ನಿಂತರು ಎಂದು ಬರೆದಿಡಿ. ಬಹುಪಾಲು ಜನ ಒಂದೇ ಹಂತದಲ್ಲಿ ನಿಂತಿದ್ದರೆ ತಿದ್ದಬೇಕಾದದ್ದು ಆ ಪಾಠ. ಮೂರನೇ ಬ್ಯಾಚ್‌ನಲ್ಲಿ ಮುಕ್ಕಾಲು ಪಾಲು ಜನ ರೀಬೂಟ್ ದಾಟಿದರೆ, ಮತ್ತು ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರಾದರೂ ನಿಮ್ಮ ಪಕ್ಕ ನಿಂತು ಸಹಾಯ ಮಾಡುವಷ್ಟು ಆಗಿದ್ದರೆ, ಆಗ ಕೆಲಸದ ದಿನಗಳನ್ನು ಕಡಿಮೆ ಮಾಡಿಕೊಳ್ಳುವ ಬಗ್ಗೆ ಕಂಪನಿಯೊಂದಿಗೆ ಮಾತಾಡಿ.